ಮಗಳು ವೀಗನ್, ಮನೆಮಂದಿಗೆ ಪಂದಿಕರಿ: ಒಂದೇ ಒಲೆಯಲ್ಲಿ ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ವಿರಾಜಪೇಟೆ ಹತ್ತಿರದ ಹಳ್ಳಿಯವರು. ಸ್ವಲ್ಪ ಕಾಫಿ ತೋಟ, ಎರಡು ದನ ಇವೆ. ಮನೆಯಲ್ಲಿ ಐದು ಜನ. ಅತ್ತೆಗೆ 72 ವರ್ಷ, ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಾರೆ. ಯಜಮಾನರು, ನಾನು, 21 ವರ್ಷದ ಮಗಳು, 13 ವರ್ಷದ ಮಗ. ಮಗಳು ಮೈಸೂರಲ್ಲಿ ಓದು ಮುಗಿಸಿ ಈಗ ಮನೆಗೆ ಬಂದಿದ್ದಾಳೆ. ಐದು ತಿಂಗಳಿಂದ ವೀಗನ್ ಆಗಿದ್ದಾಳೆ. ಮಾಂಸ, ಮೀನು, ಮೊಟ್ಟೆ ಜೊತೆಗೆ ಹಾಲು, ಮೊಸರು, ತುಪ್ಪ, ಜೇನೂ ಬೇಡ ಅಂತಾಳೆ. ನಮ್ಮದು ಪಂದಿಕರಿ (ಹಂದಿ ಮಾಂಸದ ಕರಿ) ಇಲ್ಲದೆ ಭಾನುವಾರ ಆಗದ ಮನೆ. ನಮ್ಮ ಕೊಟ್ಟಿಗೆಯ ಹಾಲೂ ಬೇಡವಾಯ್ತಾ ಅಂತ ಅತ್ತೆಗೆ ಬೇಜಾರು. ನಾನು ಎರಡೆರಡು ಅಡುಗೆ ಮಾಡಿ ಸುಸ್ತಾಗಿದ್ದೇನೆ. ಅವಳು ಬೆಳಗ್ಗೆ ನೂಪುಟ್ಟಿಗೆ (ಅಕ್ಕಿ ಶಾವಿಗೆ) ಬೆಲ್ಲ, ಕಾಯಿತುರಿ ಹಾಕಿ ತಿಂತಾಳೆ. ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ. ರಾತ್ರಿ ಅಕ್ಕಿ ಒಟ್ಟಿ (ರೊಟ್ಟಿ), ಉಪ್ಪಿನಕಾಯಿ. ನಾಲ್ಕು ಕೆಜಿ ಇಳಿದು 48 ಆಗಿದ್ದಾಳೆ. ಕೂದಲು ತುಂಬಾ ಉದುರುತ್ತಿದೆ. ಈಗ ಮಗನೂ ಅಕ್ಕನ ಹಾಗೆ ತಿನ್ನುತ್ತೇನೆ ಅಂತಿದ್ದಾನೆ. ಬಿಡಿಸಬೇಕಾ, ಬಿಡಬೇಕಾ? ಮುಂದಿನ ತಿಂಗಳು ಕೈಲ್ ಮುಹೂರ್ತದ ಹಬ್ಬ ಬೇರೆ ಬರುತ್ತಿದೆ.

ಉತ್ತರ: ಮೊದಲು ಕೂದಲಿನ ವಿಷಯ ಮಾತಾಡೋಣ. ಅತ್ತೆಯವರ ಬೇಜಾರು, ಹಬ್ಬ, ಎರಡೆರಡು ಅಡುಗೆ, ಎಲ್ಲಕ್ಕೂ ಆಮೇಲೆ ಬರುತ್ತೇನೆ.

ಊಟ ಥಟ್ಟನೆ ಕಮ್ಮಿಯಾದರೆ, ತೂಕ ಇಳಿದರೆ ಕೂದಲು ಆಗಲೇ ಉದುರುವುದಿಲ್ಲ. ಎರಡು ಮೂರು ತಿಂಗಳು ಬಿಟ್ಟು ಉದುರಲು ಶುರುವಾಗುತ್ತದೆ. ನಿಮ್ಮ ಮಗಳಿಗೆ ಆಗಿರುವುದು ಬಹುಶಃ ಇದೇ. ಆದರೆ ಸುಮ್ನೆ ಊಹೆ ಮಾಡಿ ಕೂರುವುದು ಬೇಡ. ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಥೈರಾಯ್ಡ್, ಇಷ್ಟು ಸಾಕು. ಒಂದು ಮಾತು ನೆನಪಿರಲಿ. ಬಿ12 ಮಾತ್ರೆ ಶುರು ಮಾಡುವ ಮೊದಲೇ ರಕ್ತ ಕೊಡಿ. ಮಾತ್ರೆ ನುಂಗಿ ಹೋದರೆ ರಿಪೋರ್ಟಲ್ಲಿ ಅಂಕಿ ಮೇಲೆ ಕಾಣುತ್ತದೆ, ಮೊದಲು ಕೊರತೆ ಇತ್ತಾ ಅಂತ ಗೊತ್ತೇ ಆಗುವುದಿಲ್ಲ.

ಈಗ ಅವಳ ತಟ್ಟೆ ನೋಡೋಣ. ಬೆಳಗ್ಗೆ ನೂಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ಒಟ್ಟಿ. ಹೆಸರು ಮೂರು, ಮೂರೂ ಅಕ್ಕಿಯೇ ಅಲ್ವಾ? ನೀವು ಕೇಳಿದ ಇಡೀ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಕೊಡಗಿನ ಊಟ ಹೇಗಿದೆ ಯೋಚನೆ ಮಾಡಿ. ಕಡಂಬುಟ್ಟು, ಪಾಪುಟ್ಟು, ನೂಪುಟ್ಟು, ಒಟ್ಟಿ, ಎಲ್ಲ ಅಕ್ಕಿಯದ್ದು. ಅದರ ಪಕ್ಕದಲ್ಲಿ ಪಂದಿ, ಕೋಳಿ, ಮೀನು, ಮೊಟ್ಟೆ. ಹೊಟ್ಟೆ ತುಂಬಿಸುವ ಕೆಲಸ ಅಕ್ಕಿಯದ್ದು, ಮೈ ಕಟ್ಟುವ ಕೆಲಸ ಪಕ್ಕದ ಬಟ್ಟಲಿನದ್ದು. ಮಂಡ್ಯ, ಹಾಸನದ ಕಡೆ ಮುದ್ದೆ ಜೊತೆ ಕಾಳಿನ ಸಾರು, ಬಸ್ಸಾರು, ಹುರುಳಿ ಕಟ್ಟು ದಿನಾ ಇರುತ್ತವೆ. ಅಲ್ಲಿಯ ಹುಡುಗಿ ಮಾಂಸ ಬಿಟ್ಟರೂ ಕಾಳು ತಟ್ಟೆಯಲ್ಲೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಮಾಂಸದ ಬಟ್ಟಲು ತೆಗೆದರೆ ಆ ಜಾಗ ಖಾಲಿ. ಜೊತೆಗೆ ಹಾಲು ಮೊಸರೂ ಹೋದರೆ ಉಳಿಯುವುದು ಪುಟ್ಟು ಮಾತ್ರ. ನಿಮ್ಮ ಮಗಳು ಬೇಡವಾದದ್ದನ್ನು ಸರಿಯಾಗಿಯೇ ಬಿಟ್ಟಿದ್ದಾಳೆ. ಬಿಟ್ಟ ಜಾಗಕ್ಕೆ ಏನನ್ನೂ ತಂದಿಲ್ಲ.

ಲೆಕ್ಕ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆ ಪ್ರಕಾರ ದೊಡ್ಡವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 48 ಕೆಜಿಗೆ ಅದು 40 ಗ್ರಾಂ ಆಯಿತು. ಅವಳು ಕಳೆದುಕೊಂಡ ತೂಕ ವಾಪಸ್ ಬರಬೇಕು. ಕಾಳುಬೇಳೆಯ ಪ್ರೊಟೀನ್ ಹಾಲು, ಮೊಟ್ಟೆಯಷ್ಟು ಪೂರ್ತಿ ಜೀರ್ಣ ಆಗುವುದೂ ಇಲ್ಲ. ಅದಕ್ಕೆ ನಾನು 50 ಅಂತ ಇಟ್ಟುಕೊಳ್ಳುತ್ತೇನೆ. ಈಗ ಅವಳಿಗೆ ಸಿಗುತ್ತಿರುವುದು ಎಷ್ಟು? ದಿನಕ್ಕೆ ಕಾಲು ಕೆಜಿ ಅಕ್ಕಿ ಅಂದುಕೊಂಡರೆ ಅದರಿಂದ ಹತ್ತಿರ ಹತ್ತಿರ 20 ಗ್ರಾಂ. ತಿಳಿಸಾರಿನಲ್ಲಿ ಬೇಳೆ ಅಷ್ಟಕ್ಕಷ್ಟೆ. ಪಲ್ಯ, ಕಾಯಿತುರಿ ಎಲ್ಲ ಸೇರಿಸಿದರೂ 25 ದಾಟುವುದು ಕಷ್ಟ. ಬೇಕಾದ್ದರಲ್ಲಿ ಅರ್ಧ. ಕೂದಲು ಉದುರದೆ ಇನ್ನೇನು ಮಾಡೀತು!

ಅದೇ ಪುಟ್ಟು, ಅದೇ ಅನ್ನ ಇಟ್ಟುಕೊಂಡು ಪಕ್ಕದ ಬಟ್ಟಲು ಮಾತ್ರ ಬದಲಾಯಿಸಿ ನೋಡಿ. ಬೆಳಗ್ಗೆ ನೂಪುಟ್ಟಿಗೆ ಬೆಲ್ಲದ ಬದಲು ಕಡಲೆಕಾಳಿನ ಕರಿ. ಒಣ ಕಾಳು 40 ಗ್ರಾಂ, ಅಂದರೆ ಒಂದು ಹಿಡಿ ಹಾಕಿದರೆ 7 ಗ್ರಾಂ ಪ್ರೊಟೀನ್ ಬಂತು. ಮಧ್ಯಾಹ್ನದ ಸಾರಿನ ತಿಳಿ ಬೇಡ, ತಳದ ಗಟ್ಟಿ ಬೇಳೆ ಅವಳಿಗೆ ಬಡಿಸಿ. ಅವಳ ಪಾಲಿಗೆ 40 ಗ್ರಾಂ ತೊಗರಿಬೇಳೆಯೋ ಹುರುಳಿಯೋ ಬಂದರೆ 9 ಗ್ರಾಂ. ಸಂಜೆ ಒಂದು ಹಿಡಿ ಕಡಲೆಕಾಯಿ ಬೀಜ, 7 ಗ್ರಾಂ. ರಾತ್ರಿ ಒಟ್ಟಿ ಜೊತೆ ಮೀಲ್ ಮೇಕರ್ (ಒಣ ಸೋಯಾ ತುಂಡು) ಹಾಕಿದ ಕರಿ. ಮೀಲ್ ಮೇಕರ್ ಒಣದ್ದು 30 ಗ್ರಾಂ ಇದ್ದರೆ 15 ಗ್ರಾಂ ಪ್ರೊಟೀನ್. ಅಕ್ಕಿಯದ್ದನ್ನೂ ಕೂಡಿಸಿದರೆ 55ರ ಮೇಲೆ ಹೋಯಿತು. ಅಕ್ಕಿಯಲ್ಲಿ ಕಮ್ಮಿ ಇರುವ ಲೈಸಿನ್ ಅನ್ನುವ ಅಂಶ ಕಾಳಿನಲ್ಲಿ ಜಾಸ್ತಿ ಇರುವುದರಿಂದ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ದುಬಾರಿ ಪುಡಿ ಡಬ್ಬ ಯಾವುದೂ ಬೇಕಾಗಿಲ್ಲ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಎಳೆ ಹಲಸಿನಕಾಯಿಯನ್ನು ಮಸಾಲೆಯಲ್ಲಿ ಬೇಯಿಸಿದರೆ ನೋಡಲು, ಕಚ್ಚಲು ಥೇಟ್ ಮಾಂಸದ ಹಾಗೆ ಇರುತ್ತದೆ. ಅಣಬೆಯ ಕುಮ್ಮು ಕರಿಯೂ ಅಷ್ಟೆ, ಬಾಯಿಗೆ ಬಲು ರುಚಿ. ಆದರೆ ಎರಡರಲ್ಲೂ 100 ಗ್ರಾಂಗೆ ಮೂರು ಗ್ರಾಂ ಆಸುಪಾಸು ಪ್ರೊಟೀನ್, ಅಷ್ಟೆ. ಬೈಂಬಳೆಯೂ (ಬಿದಿರಿನ ಕಳಲೆ) ಅದೇ ಲೆಕ್ಕ. ಧಾರಾಳವಾಗಿ ಮಾಡಿ, ತಿನ್ನಲಿ. ಮಾಂಸದ ಜಾಗಕ್ಕೆ ಇವು ಬಂದವು ಅಂತ ಮಾತ್ರ ಅಂದುಕೊಳ್ಳಬೇಡಿ. ಅದೇ ಬಾಣಲೆಗೆ ಒಂದು ಹಿಡಿ ಬೆಂದ ಕಾಳು ಹಾಕಿಬಿಟ್ಟರೆ ನನಗೆ ಸಮಾಧಾನ. ಮಗಳು ತಾನೇ ಬೈಂಬಳೆ ಮಾಡಲು ಹೊರಟರೆ ಹೆಚ್ಚಿ, ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಿ, ಆ ನೀರು ಚೆಲ್ಲಬೇಕು ಅಂತ ಹೇಳಿಕೊಡಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಅತ್ತೆಯವರಿಗೆ ಇದು ರೂಢಿಯಿಂದಲೇ ಗೊತ್ತಿರುತ್ತದೆ, ಹಾಸ್ಟೆಲಿನಿಂದ ಬಂದವಳಿಗೆ ಗೊತ್ತಿರುವುದಿಲ್ಲ.

ಇನ್ನು ಬಿ12. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಬಿ12 ತಯಾರಿಸುವುದು ಬ್ಯಾಕ್ಟೀರಿಯಾಗಳು. ನಮಗೆ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ. ಸೊಪ್ಪು, ಕಾಳು, ಹಣ್ಣು ಯಾವುದರಲ್ಲೂ ನಂಬಿಕೊಳ್ಳುವಷ್ಟು ಇಲ್ಲ. ಹುದುಗಿಸಿದ ಇಡ್ಲಿ ದೋಸೆಯಲ್ಲಿ ಸಿಗುತ್ತೆ ಅಂತಾರೆ, ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಸ್ಪಿರುಲಿನಾ ಅನ್ನುವ ಪಾಚಿಯಲ್ಲಿ ಇರುವುದು ಹೆಚ್ಚಾಗಿ ಬಿ12 ಥರ ಕಾಣುವ ಬೇರೆ ವಸ್ತು, ನಮ್ಮ ದೇಹಕ್ಕೆ ಕೆಲಸಕ್ಕೆ ಬರುವುದಿಲ್ಲ. ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ. ಎರಡು ವರ್ಷದಿಂದ ವೀಗನ್. ದಿನಾ ಸ್ಪಿರುಲಿನಾ ಮಾತ್ರೆ ನುಂಗುತ್ತಿದ್ದ, ಅದೇ ಸಾಕು ಅಂದುಕೊಂಡಿದ್ದ. ಪಾದ ಜುಮ್ಮೆನ್ನುತ್ತೆ, ಕತ್ತಲಲ್ಲಿ ನಡೆಯುವಾಗ ನೆಲ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ ಅಂದ. ಚಪ್ಪಲಿ ಕಾಲಿಂದ ಕಳಚಿ ಬಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಸುಧಾರಿಸಿದ, ಆದರೆ ತಿಂಗಳುಗಟ್ಟಲೆ ಹಿಡಿಯಿತು. ತಡ ಮಾಡಿದರೆ ನರಕ್ಕೆ ಆದ ಪೆಟ್ಟು ಪೂರ್ತಿ ವಾಸಿ ಆಗದೆಯೂ ಉಳಿಯಬಹುದು. ಅದಕ್ಕೇ ನಾನು ಇಷ್ಟು ಒತ್ತಿ ಹೇಳುವುದು.

ಪಿತ್ತಜನಕಾಂಗದಲ್ಲಿ ಬಿ12 ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನು ಇರುತ್ತದೆ. ಹಾಗಾಗಿ ಬಿಟ್ಟ ಕೂಡಲೇ ಏನೂ ಗೊತ್ತಾಗುವುದಿಲ್ಲ, ‘ನಾನು ಆರಾಮಾಗಿದ್ದೀನಲ್ಲ’ ಅನ್ನಿಸುತ್ತದೆ. ದಿನಕ್ಕೆ ಬೇಕಾಗುವುದು ಎರಡು, ಎರಡೂವರೆ ಮೈಕ್ರೋಗ್ರಾಂ ಮಾತ್ರ. ಕೊರತೆ ಇಲ್ಲದಿದ್ದರೆ ದಿನಕ್ಕೆ 10 ಮೈಕ್ರೋಗ್ರಾಂನ ಮಾತ್ರೆ, ಇಲ್ಲವೇ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ಸಾಕು. ವಾರದ್ದು ಯಾಕೆ ಅಷ್ಟು ದೊಡ್ಡದು ಅಂತ ಮಗಳು ಕೇಳಬಹುದು. ಒಂದು ಸಲಕ್ಕೆ ದೇಹ ಹೀರಿಕೊಳ್ಳುವುದು ತುಂಬಾ ಸ್ವಲ್ಪ, ಉಳಿದದ್ದು ಹೊರಗೆ ಹೋಗುತ್ತದೆ. ಅದಕ್ಕೆ. ಕೊರತೆ ಇದ್ದರೆ ಡೋಸ್ ಬೇರೆ, ಅದನ್ನು ಡಾಕ್ಟರೇ ಹೇಳಬೇಕು. ಕ್ಯಾಪ್ಸೂಲ್‌ನ ಮೇಲಿನ ಪದರ ಹೆಚ್ಚಾಗಿ ಜೆಲಟಿನ್, ಅದು ಪ್ರಾಣಿಯದ್ದು. ಮಾತ್ರೆ ರೂಪದ್ದೇ ಕೇಳಿ ತನ್ನಿ, ಇಲ್ಲದಿದ್ದರೆ ಅವಳು ನುಂಗುವುದಿಲ್ಲ.

ಅಂದ ಹಾಗೆ ಅತ್ತೆಯವರದ್ದೂ ಬಿ12 ನೋಡಿಸಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುವುದುಂಟು, ಎಷ್ಟೇ ಪಂದಿಕರಿ ತಿಂದರೂ. ವಯಸ್ಸಾದಂತೆ ಹೀರಿಕೊಳ್ಳುವ ಶಕ್ತಿಯೂ ಕಮ್ಮಿ ಆಗುತ್ತದೆ. ಕಾಲು ಉರಿ, ಜೋಮು ಎಲ್ಲವನ್ನೂ ಶುಗರ್ ತಲೆಗೆ ಕಟ್ಟುತ್ತೇವೆ. ಅಜ್ಜಿ ಮೊಮ್ಮಗಳು ಒಟ್ಟಿಗೇ ಹೋಗಿ ರಕ್ತ ಕೊಟ್ಟು ಬರಲಿ. ಇಬ್ಬರಿಗೂ ಒಂದೇ ಮಾತ್ರೆ ಬೇಕಾಗಿ ಬಂದರೂ ಬರಬಹುದು.

ಕಬ್ಬಿಣದ ವಿಷಯಕ್ಕೆ ಬಂದರೆ ಕೊಡಗಿನಲ್ಲಿ ಒಂದು ತೊಂದರೆ ಇದೆ. ಅದು ನಮ್ಮ ಪ್ರೀತಿಯ ಕಾಫಿ. ಊಟ ತಿಂಡಿ ಜೊತೆಗೇ ಕಾಫಿ ಕುಡಿದರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ತುಂಬಾ ಕಮ್ಮಿ ಆಗುತ್ತದೆ. ಟೀ ಇನ್ನೂ ಜಾಸ್ತಿ ತಡೆಯುತ್ತದೆ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಅದೇ ಸಂಸ್ಥೆಯ ಅಳತೆ ಹೇಳುತ್ತದೆ, ಗಂಡಸರಿಗೆ 19. ಕಾಫಿ ಬಿಡಿ ಅಂತ ಕಾಫಿ ತೋಟದವರಿಗೆ ನಾನು ಹೇಳುವುದಿಲ್ಲ. ತಿಂಡಿ ಆಗಿ ಒಂದು ಗಂಟೆ ಬಿಟ್ಟು ಕುಡಿಯಲಿ. ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿಕೊಳ್ಳಲಿ, ಇಲ್ಲವೇ ಸೀಬೆ, ನೆಲ್ಲಿಕಾಯಿ, ಕಿತ್ತಳೆ ಸೀಸನ್ನಿನಲ್ಲಿ ನಮ್ಮ ಕಿತ್ತಳೆ ತಿನ್ನಲಿ. ವಿಟಮಿನ್ ಸಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಪಂದಿಕರಿಗೆ ಹಾಕುವ ಕಾಚಂಪುಳಿ ಹುಳಿ ಇದೆಯಲ್ಲ, ಅದೇ ಆಗುತ್ತಲ್ಲ ಅಂತ ಕೇಳುವವರಿದ್ದಾರೆ. ಕಾಚಂಪುಳಿಯ ಹುಳಿ ಬೇರೆ ಆಮ್ಲದ್ದು. ಅದೂ ಕಪ್ಪಗೆ ಮಂದ ಆಗುವವರೆಗೆ ಕುದಿಸಿ ಇಳಿಸಿದ್ದು. ರುಚಿಗೆ ಅದು, ವಿಟಮಿನ್‌ಗೆ ನಿಂಬೆ.

ಸುಣ್ಣದಂಶಕ್ಕೆ, ಅಂದರೆ ಕ್ಯಾಲ್ಸಿಯಂಗೆ, ದಿನಕ್ಕೆ 1000 ಮಿಲಿಗ್ರಾಂ ಬೇಕು. ಹಾಲು ಇಲ್ಲದೆ ಇದನ್ನು ಮುಟ್ಟಲು ಸ್ವಲ್ಪ ಶ್ರಮ ಪಡಬೇಕು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ, ಅಷ್ಟೇ ತೂಕದ ಹಾಲಿನಲ್ಲಿ 120. ದಿನಕ್ಕೊಂದು ಹೊತ್ತು ರಾಗಿ ರೊಟ್ಟಿಯೋ ಅಂಬಲಿಯೋ ಬರಲಿ. ಅಂಬಲಿಗೆ ಮಜ್ಜಿಗೆ ಹಾಕಲೇಬೇಕು ಅಂತಿಲ್ಲ, ನಿಂಬೆ ಹಿಂಡಿದರೂ ಆಗುತ್ತದೆ. ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಇದೆಯಲ್ಲ, ಅದು ನಮ್ಮ ಅಡುಗೆಮನೆಯ ಬಂಗಾರ. ಸಿಪ್ಪೆ ತೆಗೆಯದ ಎಳ್ಳು ಒಂದು ದೊಡ್ಡ ಚಮಚಕ್ಕೆ 100 ಮಿಲಿಗ್ರಾಂ ಮೇಲೆ ಕೊಡುತ್ತದೆ. ಬಿಳಿ ಮಾಡಿದ ಎಳ್ಳಲ್ಲಿ ಅಷ್ಟಿಲ್ಲ. ಅಕ್ಕಿ ಒಟ್ಟಿಯ ಮೇಲೆ ತುಪ್ಪ ಸವರುವ ಬದಲು ಎಳ್ಳು ಪಜ್ಜಿ ಇಡಿ. ನುಗ್ಗೆ ಸೊಪ್ಪು, ಹುರುಳಿ ಆಗಾಗ ಬರುತ್ತಿರಲಿ. ಕೆಂಬು (ಕೆಸುವಿನ) ಸೊಪ್ಪು, ಹರಿವೆ, ಪಾಲಕ್ ತಿನ್ನಲಿ, ಆದರೆ ಅವನ್ನು ಕ್ಯಾಲ್ಸಿಯಂ ಲೆಕ್ಕಕ್ಕೆ ಸೇರಿಸಬೇಡಿ. ಅವುಗಳಲ್ಲಿರುವ ಆಕ್ಸಲೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ವಿಟಮಿನ್ ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲು ಎಲ್ಲಿ ಕಾಣುತ್ತದೆ? ಮನೆಯಲ್ಲಿ ಎಲ್ಲರಿಗೂ ಕಮ್ಮಿ ಇದ್ದರೆ ಆಶ್ಚರ್ಯ ಇಲ್ಲ. ಡಿ3 ಮಾತ್ರೆ ಹೆಚ್ಚಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು. ಮಗಳಿಗೆ ಕಲ್ಲುಹೂವಿನ ಜಾತಿಯಿಂದ ಮಾಡಿದ ಡಿ3 ಅಥವಾ ಡಿ2 ಕೇಳಿ. ಉಪ್ಪು ಅಯೋಡಿನ್ ಇರುವುದೇ ಇರಲಿ. ಒಮೆಗಾ-3ಗೆ ದಿನಕ್ಕೆ ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿ ಸಾಕು.

ಇಳಿದ ತೂಕ ಏರಬೇಕಾದರೆ ಎಣ್ಣೆ ಜಿಡ್ಡು ಸ್ವಲ್ಪ ಜಾಸ್ತಿ ಬೇಕು. ನಿಮ್ಮ ತೋಟದಲ್ಲೋ ಪಕ್ಕದ ತೋಟದಲ್ಲೋ ಬೆಣ್ಣೆ ಹಣ್ಣಿನ ಮರ ಇದ್ದೇ ಇರುತ್ತದೆ. ಪೇಟೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಹಣ್ಣು ನಮ್ಮಲ್ಲಿ ಮರದ ಕೆಳಗೆ ಬಿದ್ದಿರುತ್ತದೆ. ಅದಕ್ಕೆ ಬೆಲ್ಲ ಹಾಕಿ ಕಿವುಚಿ ಕೊಡಿ. ಹಾಲು ಬೇಡವೇ ಬೇಡ.

ಹಾಲಿನ ಬದಲಿಗೆ ಏನು ಅಂತ ಎಲ್ಲರೂ ಕೇಳುತ್ತಾರೆ. ಸೋಯಾ ಪಾನೀಯ ಒಂದೇ ಪ್ರೊಟೀನಿನಲ್ಲಿ ಹಾಲಿಗೆ ಹತ್ತಿರ ಬರುವುದು. ಪ್ಯಾಕೆಟ್ ಮೇಲೆ ಕ್ಯಾಲ್ಸಿಯಂ ಸೇರಿಸಿದೆ ಅಂತ ಬರೆದಿರುವುದನ್ನೇ ತಗೊಳ್ಳಿ, ಅಲ್ಲಾಡಿಸಿ ಸುರಿಯಿರಿ, ಇಲ್ಲದಿದ್ದರೆ ಸೇರಿಸಿದ್ದೆಲ್ಲ ತಳದಲ್ಲೇ ಉಳಿಯುತ್ತದೆ. ಬಾದಾಮಿಯದ್ದರಲ್ಲಿ ಪ್ರೊಟೀನ್ ಲೆಕ್ಕಕ್ಕೇ ಇಲ್ಲ. ತೆಂಗಿನಹಾಲಲ್ಲಿ ಜಿಡ್ಡು ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು. ಆದರೆ ಅಡುಗೆಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಕಾಫಿಗೆ ಇದ್ಯಾವುದೂ ಬೇಡ, ಬೆಲ್ಲದ ಕಾಫಿ ಇದೆಯಲ್ಲ. ಹಾಲು ಹಾಕದ ಆ ಕರಿ ಕಾಫಿ ಕುಡಿದೇ ನಮ್ಮ ಹಿರಿಯರು ತೋಟದಲ್ಲಿ ದುಡಿದರು. ಅತ್ತೆಯವರ ಕೈಯಲ್ಲೇ ಮಾಡಿಸಿ ಕೊಡಿಸಿ. ಮೊಮ್ಮಗಳಿಗೆ ತನ್ನ ಕೈಯಿಂದ ಏನೂ ಕೊಡಲು ಆಗುತ್ತಿಲ್ಲ ಅನ್ನುವ ನೋವು ಸ್ವಲ್ಪ ಇಳಿಯುತ್ತದೆ.

ಈಗ ಎರಡೆರಡು ಅಡುಗೆಯ ವಿಷಯ. ಅದನ್ನು ಇವತ್ತೇ ನಿಲ್ಲಿಸಿ. ಅಡುಗೆ ಒಂದೇ ಮಾಡಿ, ಕೊನೆಯಲ್ಲಿ ಕವಲು ಒಡೆಸಿ.

ಹೇಗೆ ಅಂತ ಭಾನುವಾರದ ಅಡುಗೆಯಲ್ಲೇ ತೋರಿಸುತ್ತೇನೆ. ನಾನೂ ಪಂದಿಕರಿ ತಿಂದು ಬೆಳೆದವಳು, ಈಗಲೂ ತಿನ್ನುತ್ತೇನೆ. ಕಡಂಬುಟ್ಟಿನಲ್ಲಿ ಇರುವುದು ಅಕ್ಕಿ ತರಿ, ನೀರು, ಉಪ್ಪು. ಉಂಡೆ ಕಟ್ಟುವಾಗ ಅಂಗೈಗೆ ತುಪ್ಪ ಸವರಿಕೊಳ್ಳುವ ಅಭ್ಯಾಸ ಇದ್ದರೆ ತೆಂಗಿನೆಣ್ಣೆ ಸವರಿಕೊಳ್ಳಿ, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪುಟ್ಟು ಎಲ್ಲರಿಗೂ ಒಂದೇ ಆಯಿತು. ಇನ್ನು ಮಸಾಲೆ. ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸು ಕಪ್ಪಾಗುವವರೆಗೆ ಹುರಿದು ಪುಡಿ ಮಾಡುತ್ತೀರಲ್ಲ, ಅದರಲ್ಲಿ ಪ್ರಾಣಿಯದ್ದು ಏನೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಅರೆದದ್ದರಲ್ಲೂ ಇಲ್ಲ. ಇದನ್ನೆಲ್ಲ ಒಟ್ಟಿಗೇ ಮಾಡಿಕೊಳ್ಳಿ. ಅರೆದದ್ದರಲ್ಲಿ ಒಂದು ಸೌಟು ತೆಗೆದು ಚಿಕ್ಕ ಬಾಣಲೆಗೆ ಹಾಕಿ. ಮೀಲ್ ಮೇಕರ್‌ಗೆ ಬಿಸಿನೀರು ಹಾಕಿ, ಉಬ್ಬಿದ ಮೇಲೆ ಗಟ್ಟಿಯಾಗಿ ಹಿಂಡಿ, ಇನ್ನೊಂದು ಸಲ ತಣ್ಣೀರಲ್ಲಿ ಹಿಂಡಿ. ಆ ಹಸಿ ವಾಸನೆ ಹೋಗದಿದ್ದರೆ ಯಾವ ಮಸಾಲೆಯೂ ಅದನ್ನು ಮುಚ್ಚುವುದಿಲ್ಲ. ಅದಕ್ಕೆ ಬೆಂದ ಕಡಲೆಕಾಳೂ ಸೇರಲಿ. ಬೆಂದು ಮಸಾಲೆ ಹಿಡಿದ ಮೇಲೆ ಹುರಿದ ಪುಡಿ, ಕೊನೆಗೆ ಅರ್ಧ ಚಮಚ ಕಾಚಂಪುಳಿ. ಅದು ಬಿದ್ದ ಕೂಡಲೇ ಬಣ್ಣ ಕಪ್ಪಿಗೆ ತಿರುಗುತ್ತದೆ, ಅಡುಗೆಮನೆ ತುಂಬ ಭಾನುವಾರದ ವಾಸನೆ ಬರುತ್ತದೆ. ಮಗಳಿಗೆ ಬೇಡವಾಗಿರುವುದು ಪಂದಿ. ಆ ವಾಸನೆ, ಆ ಹುಳಿ, ಆ ಖಾರ ಅವಳಿಗೂ ಹುಟ್ಟಿದಾರಭ್ಯ ಗೊತ್ತಿರುವ ರುಚಿ. ಅದನ್ನು ಅವಳಿಂದ ಕಿತ್ತುಕೊಳ್ಳಬೇಕಾಗಿಲ್ಲ.

ದಿನದ ಅಡುಗೆಗೂ ಇದೇ ದಾರಿ. ಒಗ್ಗರಣೆ ಎಣ್ಣೆಯಲ್ಲೇ ಹಾಕಿ, ತುಪ್ಪ ಬೇಕಾದವರು ತಟ್ಟೆಗೆ ಹಾಕಿಕೊಳ್ಳಲಿ. ಮಾಂಗೆ (ಮಾವಿನ) ಪಜ್ಜಿಗೆ ಮೊಸರು ಬೆರೆಸುವ ಮೊದಲು ಅವಳಿಗೆ ಒಂದು ಬಟ್ಟಲು ಎತ್ತಿಡಿ. ಪಾಪುಟ್ಟಿಗೆ ಹಾಲು ಹಾಕುತ್ತೇವೆ, ಅಲ್ಲಿ ತೆಂಗಿನಹಾಲು ಹಾಕಿ ಮನೆಗೆಲ್ಲ ಒಂದೇ ಮಾಡಿ ನೋಡಿ. ನಮ್ಮ ಮನೆಯಲ್ಲಿ ಒಂದು ಸಲ ಹಾಲು ಒಡೆದಿದ್ದಕ್ಕೆ ಹಾಗೆ ಮಾಡಿದ್ದು, ಆಮೇಲೆ ಅದೇ ಅಭ್ಯಾಸ ಆಯಿತು. ಅವಳಿಗೆ ಒಂದು ಬಾಣಲೆ, ಒಂದು ಸೌಟು ಬೇರೆ ಇಟ್ಟರೆ ಸಾಕು. ಒಂದು ಹನಿ ತುಪ್ಪ ತಗುಲಿದರೆ ಆರೋಗ್ಯಕ್ಕೆ ಏನೂ ಆಗುವುದಿಲ್ಲ, ಇದು ಅಲರ್ಜಿ ಅಲ್ಲ. ಆದರೆ ಅವಳ ಮನಸ್ಸಿಗೆ ಆಗುತ್ತದೆ. ಕಾಣದ ಹಾಗೆ ತುಪ್ಪ ಹಾಕಿ ತಿನ್ನಿಸುವ ಕೆಲಸ ಮಾತ್ರ ಯಾರೂ ಮಾಡಬಾರದು. ಮನೆಯವರಿಗೆ ಅದು ಪ್ರೀತಿ ಅನ್ನಿಸುತ್ತದೆ. ಗೊತ್ತಾದ ದಿನ ಮಗಳು ಮನೆ ಊಟವನ್ನೇ ನಂಬುವುದಿಲ್ಲ.

ಅವಳ ಪಾಲಿಗೂ ಕೆಲಸ ಇದೆ. ರಾತ್ರಿ ಕಾಳು ನೆನೆಹಾಕುವುದು, ಮೊಳಕೆ ಕಟ್ಟುವುದು ಅವಳದ್ದೇ ಜವಾಬ್ದಾರಿ ಆಗಲಿ. ನೆನೆದು ಮೊಳೆತರೆ ಕಾಳಿನ ಸತು, ಕಬ್ಬಿಣ ಎರಡೂ ಚೆನ್ನಾಗಿ ಹತ್ತುತ್ತವೆ. ವಾರದಲ್ಲಿ ಎರಡು ದಿನ ಇಡೀ ಮನೆಗೆ ಅವಳೇ ಕಾಳಿನ ಕರಿ ಮಾಡಲಿ. 72 ವರ್ಷದ ಶುಗರ್ ಇರುವ ಅಜ್ಜಿಗೂ ಅದು ಒಳ್ಳೆಯದೇ. ಹಾಗೆಯೇ ಊಟಕ್ಕೆ ಕೂತಾಗ ಬೇರೆಯವರ ತಟ್ಟೆ ಬಗ್ಗೆ ಅವಳು ಮಾತಾಡಬಾರದು, ಅವಳ ತಟ್ಟೆ ಬಗ್ಗೆ ಯಾರೂ ಮಾತಾಡಬಾರದು. ಚರ್ಚೆ ಬೇಕಾದರೆ ಜಗಲಿಯಲ್ಲಿ ಆಗಲಿ. ಅತ್ತೆಯವರ ಬೇಜಾರು ನನಗೆ ಅರ್ಥ ಆಗುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸಿ, ಹುಲ್ಲು ಹಾಕಿ, ಕರುವಿಗೆ ಬಿಟ್ಟು ಕರೆದ ಹಾಲು ಅದು. ಮಗಳು ಒಂದು ದಿನ ಅವರ ಜೊತೆ ಕೊಟ್ಟಿಗೆಗೆ ಹೋಗಿ, ತನಗೆ ಯಾಕೆ ಬೇಡ ಅನ್ನಿಸಿತು ಅಂತ ಅಲ್ಲೇ ನಿಂತು ನಿಧಾನವಾಗಿ ಹೇಳಲಿ. ಅಜ್ಜಿ ಒಪ್ಪದಿರಬಹುದು. ತನ್ನ ಹಾಲಿಗೆ ಬೆಲೆ ಇಲ್ಲ ಅಂತಲ್ಲ ಅನ್ನುವುದಾದರೂ ತಿಳಿಯುತ್ತದೆ.

ಹಬ್ಬಗಳಿಗೆ ಹೆದರಬೇಡಿ. ಕೈಲ್ ಮುಹೂರ್ತದ ದಿನ ಮೇಲೆ ಹೇಳಿದ ಎರಡು ಬಾಣಲೆ ಅಡುಗೆ ಸಾಕು. ಕಾವೇರಿ ಸಂಕ್ರಮಣಕ್ಕೆ ಹೇಗೂ ಮನೆಯಲ್ಲಿ ಮಾಂಸ ಇಲ್ಲ. ಆ ದಿನದ ದೋಸೆ, ಕುಂಬಳಕಾಯಿ ಕರಿ ಎಣ್ಣೆಯಲ್ಲಿ ಮಾಡಿದರೆ ಪೂರ್ತಿ ಅವಳ ಊಟವೇ. ಪುತ್ತರಿಯ ತಂಬುಟ್ಟಿನಲ್ಲಿ ಬಾಳೆಹಣ್ಣು, ಹುರಿದ ಅಕ್ಕಿ ಹಿಟ್ಟು, ಎಳ್ಳು, ಕಾಯಿ ಸೇರಿಸಿದ ಮೇಲೆ ತುಪ್ಪ ಬರುತ್ತದೆ. ತುಪ್ಪಕ್ಕೆ ಮೊದಲು ಅವಳ ಪಾಲು ತೆಗೆದಿಡಿ. ಪುತ್ತರಿ ಗೆಣಸನ್ನು ಜೇನಿನ ಬದಲು ಬೆಲ್ಲದ ಪಾಕದಲ್ಲಿ ತಿನ್ನಲಿ. ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದು ಸೊಪ್ಪಿನ ಪಾಯಸಕ್ಕೂ ತುಪ್ಪ, ಜೇನು ಬಡಿಸುವಾಗ ಮೇಲೆ ಹಾಕುವುದು ತಾನೇ? ಮದುವೆ ಮನೆಗೆ ಹೋಗುವ ಮೊದಲು ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಲಿ. ಸಸ್ಯಾಹಾರದ ಪಂಕ್ತಿಯಲ್ಲೂ ಮೊಸರು ತುಪ್ಪ ಇಲ್ಲದ ಪದಾರ್ಥ ಸಿಗುವುದು ಕಮ್ಮಿ.

ಅಂಗಡಿ ತಿಂಡಿ ಬಗ್ಗೆ ಒಂದು ಮಾತು. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಅದರಲ್ಲಿ ಹಾಲಿನ ಪುಡಿ, ತುಪ್ಪ, ಜೇನು ಇರಬಹುದು. ವೀಗನ್ ಪದಾರ್ಥಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಬೇರೆ ನಿಯಮ ತಂದಿದೆ. ಅದರ ಗುರುತು ಹಸಿರು ಬಣ್ಣದ ‘ವಿ’ ಅಕ್ಷರ, ಮೇಲೆ ಚಿಕ್ಕ ಎಲೆ. ಆ ಗುರುತು ಇದ್ದ ಮಾತ್ರಕ್ಕೆ ಆರೋಗ್ಯಕ್ಕೆ ಒಳ್ಳೆಯದು ಅಂತ ಅಲ್ಲ. ಬಿಸ್ಕತ್ತು ವೀಗನ್ ಆದರೂ ಬಿಸ್ಕತ್ತೇ.

ಇನ್ನು ನಿಮ್ಮ ಮಗ. ಅವನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. 13 ವರ್ಷ ಅಂದರೆ ಮೂಳೆ, ಎತ್ತರ ಎಲ್ಲ ಭರದಿಂದ ಬೆಳೆಯುವ ಕಾಲ. ಲೆಕ್ಕ ಇಟ್ಟು ಊಟ ಮಾಡಿದರೆ ಆ ವಯಸ್ಸಿನವರೂ ವೀಗನ್ ಆಗಿ ಬೆಳೆಯಬಹುದು, ಆಗುವುದಿಲ್ಲ ಅಂತಲ್ಲ. ಆದರೆ ಅಕ್ಕನ ತಟ್ಟೆಯೇ ಇನ್ನೂ ಸರಿಯಾಗಿಲ್ಲ. ಆ ತಟ್ಟೆಯನ್ನು ನೋಡಿ ಕಲಿಯುವುದು ಬೇಡ. ‘ಬೇಡ’ ಅಂತ ಗದರಿಸಲೂ ಬೇಡಿ. ಅಕ್ಕ ಮಾಡುವ ಕಾಳಿನ ಕರಿ, ರಾಗಿ ರೊಟ್ಟಿ, ಎಳ್ಳು ಪಜ್ಜಿ ಅವನೂ ತಿನ್ನಲಿ. ಸದ್ಯಕ್ಕೆ ಹಾಲು, ಮೊಟ್ಟೆ ಇರಲಿ. ಆರು ತಿಂಗಳು ಕಳೆದು ಅಕ್ಕನ ತೂಕ, ರಕ್ತ ಎಲ್ಲ ಸರಿ ಬಂದ ಮೇಲೂ ಅವನಿಗೆ ಅದೇ ಮನಸ್ಸಿದ್ದರೆ ಆಗ ಬನ್ನಿ, ಅವನ ಎತ್ತರ ತೂಕ ಅಳೆದು ಅವನಿಗೇ ಬೇರೆ ಪಟ್ಟಿ ಮಾಡಿಕೊಡುತ್ತೇನೆ.

ಬಿಡಿಸಬೇಕಾ ಅಂತ ಕೇಳಿದಿರಿ. ಬಿಡಿಸಬೇಡಿ. 21 ವರ್ಷದ ಹುಡುಗಿ ಯೋಚನೆ ಮಾಡಿ ಹಿಡಿದ ದಾರಿ. ಆದರೆ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ತೀರಾ ಕಮ್ಮಿ ಇದ್ದರೆ, ತೂಕ ಇನ್ನೂ ಇಳಿಯುತ್ತಿದ್ದರೆ, ಮುಟ್ಟು ತಪ್ಪಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ವಿಷಯ ಸೂಕ್ಷ್ಮವಾಗಿ ಗಮನಿಸಿ. ಕಾಳು, ಎಳ್ಳು, ಬೆಣ್ಣೆ ಹಣ್ಣು ಕೊಟ್ಟರೂ ಬೇಡ ಅಂತಾಳಾ, ದಪ್ಪ ಆಗುತ್ತೇನೆ ಅಂತ ಹೆದರುತ್ತಾಳಾ? ಹಾಗಿದ್ದರೆ ವಿಷಯ ಹಾಲು ಮಾಂಸದ್ದಲ್ಲ, ಬೇರೆ ಇದೆ. ಆಗ ಅವಳನ್ನು ಒಬ್ಬಳೇ ಕರೆದುಕೊಂಡು ಬನ್ನಿ, ಮಾತಾಡೋಣ.

ಥೈರಾಯ್ಡ್ ಮಾತ್ರೆ ಏನಾದರೂ ಬರೆದುಕೊಟ್ಟರೆ ಅದನ್ನು ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ತಗೊಳ್ಳಬೇಕು. ಕಾಫಿ, ಸೋಯಾ, ಕ್ಯಾಲ್ಸಿಯಂ, ಕಬ್ಬಿಣ ಇವೆಲ್ಲ ಅದರ ಕೆಲಸ ಕೆಡಿಸುತ್ತವೆ, ಎಷ್ಟು ಹೊತ್ತು ಬಿಟ್ಟು ತಗೊಳ್ಳಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಉದುರುವ ಕೂದಲು ಊಟ ಸರಿಯಾದ ಮರುವಾರವೇ ನಿಲ್ಲುವುದಿಲ್ಲ. ಮೂರು ನಾಲ್ಕು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಎಣ್ಣೆ ಶಾಂಪೂ ಅಂತ ದುಡ್ಡು ಸುರಿಯಬೇಡಿ. ರಿಪೋರ್ಟ್ ಬಂದ ಮೇಲೆ ಇಬ್ಬರದ್ದೂ ಕಳಿಸಿ. ಅತ್ತೆಯವರು ಎಷ್ಟು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ತಿದ್ದಾರೆ, ಎಷ್ಟು ಮಿಲಿಗ್ರಾಂದು ಅಂತ ಚೀಟಿ ನೋಡಿ ಅದರ ಜೊತೆ ಬರೆಯಿರಿ.